ಒಂದೇ ಪುಟ

ನಾಳೆ ಒಂಬತ್ತಕ್ಕ ಶುರು.
ಯುನಿವರ್ಸಿಟಿ ದೊಡ್ಡ ಹಾಲಿನಾಗ ನಲವತ್ತು ಟೇಬಲ್,
ನಲವತ್ತು ಕಂಪನಿ, ನಲವತ್ತು ನೀರಿನ ಬಾಟ್ಲಿ.
ಈಗ ರಾತ್ರಿ ಎಂಟೂವರಿ. ಸೇಡಂ ರಸ್ತೆ ಝೆರಾಕ್ಸ್ ಅಂಗಡ್ಯಾಗ
ನನ್ನ ಮುಂದ ಒಂಬತ್ತು ಮಂದಿ.
ಫ್ಯಾನು ತಿರುಗಿದಷ್ಟೂ ಬಿಸಿ ಬೀಸತದ,
ಗೋಡಿ ಹಗಲಿನ ಬಿಸಿಲನ್ನ ಇನ್ನಾ ಉಗುಳಲಕತ್ತದ.

"ಒಂದೇ ಪುಟ ಇರ್ಲಿ ಬೇಟಾ," ಅಂತಾನ ಗೌಸೋದ್ದೀನ್ ಕಾಕಾ,
"ಎರಡನೇದು ಯಾರೂ ತಿರುವಿ ನೋಡಂಗಿಲ್ಲ.
ದಪ್ಪ ಕಾಗದ ಹಾಕ್ಲೇನು? ಎರಡು ರೂಪಾಯಿ ಹೆಚ್ಚಿಗಿ."
ಇಪ್ಪತ್ತು ವರ್ಷದಿಂದ ಮಂದಿ ಜಾತಕ ಛಾಪಿಸ್ಯಾನ ಅವ:
ಎಲ್ಲರೂ ಶ್ರಮಜೀವಿ, ಎಲ್ಲರೂ ಬೇಗ ಕಲಿಯುವವರು,
ಎಲ್ಲರ ಹವ್ಯಾಸ ಓದುವುದು, ಸಂಗೀತ ಕೇಳುವುದು.
ನಂದೂ ಅದೇ. ನಿಂಗರಾಜಂದು ನಕಲು ಮಾಡೀನಿ,
ಅವ ತನ್ನ ಸೀನಿಯರಂದು.

ಮಧ್ಯಾಹ್ನ ಹಾಸ್ಟೆಲ್ ಗ್ಯಾಲರಿಯೊಳಗ
ಭುವನೇಶ್ವರಿ ಕಾಲ ಮ್ಯಾಲ ಕಾಲು ಹಾಕಿ
ಮ್ಯಾನೇಜರ್ ಆಗಿದ್ಲು.
"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್."
ತಣ್ಣೀರಾಗ ನಾದಿದ ಜೋಳದ ಹಿಟ್ಟಿನಂಗ
ನನ್ನ ಇಂಗ್ಲಿಷು ತಟ್ಟಿದಲ್ಲೆಲ್ಲ ಬಿರಿತು.
ಅಕಿ ನಗಲಿಲ್ಲ. "ಇನ್ನೊಮ್ಮೆ" ಅಂದ್ಲು.
ಏಳನೇ ಸಲಕ್ಕ ಒಂದು ವಾಕ್ಯ ದುಂಡಗ ಬಂತು:
ನನ್ನ ಹೆಸರು, ನನ್ನ ಊರು, ಮೆಕ್ಯಾನಿಕಲ್.
ಕರಿ ಬೂಟು ಇಬ್ಬರಿಗೂ ಸೇರಿ ಒಂದೇ ಜೋಡಿ.
ಹನ್ನೊಂದರ ತನಕ ಅಕಿದು, ಆಮ್ಯಾಲ ನಂದು.

ಕಡೀಗೆ ಕೇಳಿದ್ಲು, ಮೆತ್ತಗ:
"ಈ ನಡುವಿನ ವರ್ಷ?"
ಪ್ಲೇಸ್‌ಮೆಂಟ್ ಸರ್ ಹೇಳ್ಯಾರ, ಆರೋಗ್ಯ ಸರಿ ಇದ್ದಿಲ್ಲ ಅಂದುಬಿಡು,
ಯಾರೂ ಮುಂದ ಕೇಳಂಗಿಲ್ಲ.
ಆರೋಗ್ಯ ನೆಟ್ಟಗಿತ್ತು. ಫೀಸು ಇದ್ದಿಲ್ಲ.
ರಿಂಗ್ ರೋಡಿನ ತೊಗರಿಬ್ಯಾಳಿ ಮಿಲ್ಲಿನಾಗ
ಹತ್ತು ತಿಂಗಳು ಚೀಲದ ಲೆಕ್ಕ ಬರದೀನಿ,
ರೆಪ್ಪಿ ಮ್ಯಾಲ ಹಳದಿ ಹೊಟ್ಟು ಹೊತ್ತುಕೊಂಡು.
ಅಲ್ಲಿ ಶರಣಗೌಡ ಮಿಸ್ತ್ರಿ
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗಿಟ್ಟು, ಹಿಡಿ ಕಿವಿಗೊತ್ತಿ
ಕಣ್ಣು ಮುಚ್ಚತಿದ್ದ.
"ಕೇಳು. ಹಸದದ."
ಮೂರು ತಿಂಗಳು ನನಗ ಬರೇ ಗದ್ದಲ ಕೇಳಿಸ್ತು.
ನಾಲ್ಕನೇ ತಿಂಗಳು ಒಂದಿನ, ಲೆಕ್ಕ ಬರೀತಾ ಬರೀತಾ
ಪೆನ್ನು ತಾನೇ ನಿಂತಿತು:
ಎಲಿವೇಟರ್ ಒಳಗ ಯಾರೋ ಹಲ್ಲು ಕಡೀಲಕತ್ತಾರ.
ಮಿಸ್ತ್ರಿ ಬಂದ, ಕಿವಿ ಇಟ್ಟ, ಏನೂ ಅನ್ನಲಿಲ್ಲ,
ಗ್ರೀಸಿನ ಡಬ್ಬಿ ನನ್ನ ಕೈಗೆ ಕೊಟ್ಟ.

ಇದನ್ನ ಯಾವ ಕಾಲಮ್ಮಿನಾಗ ಬರೀಲಿ?

"ಮುಂದಿನವ್ರು!" ಕಾಕಾ ಕೂಗ್ದ.
ಪೆನ್‌ಡ್ರೈವ್ ಕೊಟ್ಟು, ಕುರ್ಚಿ ನಾನೇ ಎಳಕೊಂಡೆ.
ಒಂದು ಸಾಲು ಟೈಪ್ ಮಾಡಿದೆ: ಮಿಲ್ಲು, ತಿಂಗಳು, ಬೇರಿಂಗು.
ಕೂಡ್ಲೇ ಕಡೀ ಸಾಲು ಜಾರಿ ಎರಡನೇ ಪುಟಕ್ಕ ಬಿತ್ತು,
ಅದು ನಾ ಸಹಿ ಮಾಡೋ ಜಾಗ.
ಹಿಂದಿನ ಹುಡುಗ ಲೊಚಗುಟ್ಟಿದ, "ಜಲ್ದಿ, ಅಕ್ಕಾ."
ಏನು ತಗೀಲಿ? ಸಂಗೀತ ಕೇಳುವುದು ತಗದೆ.
ಸಹಿ ಮ್ಯಾಲ ಬಂತು.

ಪ್ರಿಂಟರ್ ಎರಡು ಹಾಳಿ ಕೊಟ್ಟು, ಮೂರನೇದಕ್ಕ ಕಟಕಟ ಅಂತು.
"ಕಾಕಾ, ಎಡಗಡಿ ರೋಲರ್ ಸವದದ."
"ಗೊತ್ತದ ಬೇಟಾ, ಹೋದ ರಮಜಾನಿನಿಂದ ಗೊತ್ತದ.
ಇಪ್ಪತ್ತು ಕಾಪಿಗೆ ಅರವತ್ತು."

ಬಿಸಿ ಹಾಳಿ ಎದಿಗಪ್ಪಿ ಹಾಸ್ಟೆಲಿಗೆ ನಡದೆ.
ಭುವಿ ಬೂಟಿಗೆ ಪಾಲಿಶ್ ಹಚ್ಚಲಕತ್ತಿದ್ಲು.
ಅಕಿ ಪಾದ ದೊಡ್ಡದು, ನನಗಂತ
ಪೇಪರ್ ಹರದು ಎರಡು ಉಂಡಿ ಕಟ್ಟಿಟ್ಟಿದ್ಲು.
ಹನ್ನೊಂದರ ತನಕ ಚಪ್ಪಲಿ ಮ್ಯಾಲೇ ತಿರಗತೀನಿ ಅಂದೆ.
ಹಾಲಿನ ಹಿಂಬಾಗಲಿಗೆ ಜನರೇಟರ್ ಇಡ್ತಾರಂತ,
ಅದರ ಸಪ್ಪಳಕ್ಕ ಆ ಕಡಿ ಟೇಬಲಿಗೆ ಯಾರೂ ಹೋಗಂಗಿಲ್ಲಂತ.
ಅಲ್ಲಿಂದ್ಲೇ ಶುರು ಮಾಡ್ತೀನಿ.